ಕೊನೆಯ ಸುತ್ತು ಮುಗಿದ ಮೇಲೆ ಒಡೆಯುವ ಲಕೋಟೆ

ಡಾರ್ಟ್‌ಮುಂಡ್,
ಭಾನುವಾರ, 17 ಮೇ 1992

ಪ್ರೀತಿಯ ತಮ್ಮ ರೂಡಿ,

ಮೊದಲು ತಪ್ಪೊಪ್ಪಿಗೆ. ನಿನ್ನ ಲಕೋಟೆ ಮಾರ್ಚ್ ತಿಂಗಳಲ್ಲೇ ಕೈಸೇರಿತ್ತು. ಸೇರಿತು ಎಂದು ಒಂದು ಸಾಲು ಬರೆದು ಹಾಕಲು ಎರಡು ತಿಂಗಳು ಬೇಕಾಯಿತೇ ಎಂದು ಬೈದರೆ ಬೈಸಿಕೊಳ್ಳುತ್ತೇನೆ. ನಿನ್ನ ಅತ್ತಿಗೆ ಎಲ್ಫ್ರೀಡೆ ದಿನವೂ ಬೈಯುತ್ತಿದ್ದಾಳೆ, ಅದರ ಜೊತೆಗೆ ನಿನ್ನದೂ ಇರಲಿ. ನಾವಿಬ್ಬರೂ ಚೆನ್ನಾಗಿದ್ದೇವೆ. ಗಣಿಯ ಧೂಳು ಎದೆಯೊಳಗೆ ಮನೆ ಮಾಡಿಕೊಂಡಿದೆ, ಖಾಲಿ ಮಾಡು ಎಂದರೆ ಕೇಳುವುದಿಲ್ಲ. ನಿನ್ನ ಮಂಡಿನೋವು ಹೇಗಿದೆ? ನಿನ್ನ ಹೆಂಡತಿ ರೆನಾಟೆ ತೀರಿಹೋದ ಮೇಲೆ ಬಿಸಿ ಅಡುಗೆ ಮಾಡಿಕೊಳ್ಳುತ್ತೀಯೋ, ಬ್ರೆಡ್ಡು ಸಾಸೇಜಿನಲ್ಲೇ ದಿನ ತಳ್ಳುತ್ತೀಯೋ ಎಂದು ಎಲ್ಫ್ರೀಡೆ ಕೇಳುತ್ತಿದ್ದಾಳೆ.

ಲಕೋಟೆ ಅಡುಗೆಮನೆಯ ಗಡಿಯಾರದ ಹಿಂದೆ ಇದೆ. ಒಡೆದಿಲ್ಲ. ಮೂವತ್ತು ವರ್ಷದ ನಿಯಮವನ್ನು ಮುರಿಯುವವನು ನಾನಲ್ಲ. ಫುಟ್‌ಬಾಲ್ ಋತು ಶುರುವಾಗುವ ಮೊದಲು ನೀನು ಯಾವ ತಂಡ ಎಷ್ಟನೇ ಸ್ಥಾನ ಎಂದು ಊಹಿಸಿ ಬರೆದು ಅಂಟಿಸಿ ಕಳಿಸಬೇಕು. ಕೊನೆಯ ಸುತ್ತು ಮುಗಿಯುವವರೆಗೆ ನಾನು ಅದನ್ನು ಮುಟ್ಟಬಾರದು. ಮುಗಿದ ಮರುದಿನ ನಿನಗೆ ವರ್ಷದ ವರದಿ ಬರೆದು, ಸಹಿ ಹಾಕಿ, ಆಮೇಲೆ ಒಡೆದು, ನಿನ್ನ ಊಹೆ ಎಷ್ಟು ಸರಿಯಾಯಿತು ಎಂದು ತಾ.ಕ. ಸೇರಿಸಬೇಕು.

ಆದರೆ ಒಂದು ಮಾತು ಕೇಳಲೇ? ಹೋದ ಆಗಸ್ಟಿನಲ್ಲಿ ರೆನಾಟೆ ಆಸ್ಪತ್ರೆಯಲ್ಲಿದ್ದಳು, ನೀನು ಕಳಿಸಲಿಲ್ಲ, ಸರಿ. ಮಾರ್ಚಿನಲ್ಲಿ ಕಳಿಸಿದ್ದೀ. ಮುಕ್ಕಾಲು ಆಟ ನೋಡಿ ಭವಿಷ್ಯ ಹೇಳುವ ಜೋಯಿಸನನ್ನು ಏನೆಂದು ಕರೆಯುತ್ತಾರೆ? ಅದೂ ಅಲ್ಲದೆ ಲಕೋಟೆ ದಪ್ಪಗಿದೆ. ಇಪ್ಪತ್ತು ಹೆಸರು ಬರೆಯಲು ಅಷ್ಟು ಕಾಗದ ಬೇಕಿಲ್ಲ. ಅದಕ್ಕೆ ಎರಡು ವಾರ ಮೊದಲು ನಿನ್ನ ಕಾರ್ಡು ಬಂದಿತ್ತು: ‘ಹಳೆಯ ಗುಪ್ತ ಪೊಲೀಸರು ನನ್ನ ಮೇಲೆ ಇಟ್ಟಿದ್ದ ಕಡತವನ್ನು ಆ ಕಚೇರಿಯಲ್ಲಿ ಓದಲು ಕೊಟ್ಟರು. ಮೂರು ಗಂಟೆ ಕೂತಿದ್ದೆ.’ ಅಷ್ಟೇ. ಕಡತದಲ್ಲಿ ಏನಿತ್ತು ಎಂಬುದಕ್ಕೆ ಒಂದು ಅಕ್ಷರವಿಲ್ಲ. ಆಮೇಲೆ ಈ ದಪ್ಪ ಲಕೋಟೆ. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು ನಿಜ. ಎಲ್ಫ್ರೀಡೆ ಆಲೂಗಡ್ಡೆ ಸುಲಿಯುತ್ತಾ ನೋಡಿದಳು.

“ಕೆಟ್ಲಲ್ಲಿ ನೀರು ಕಾಯ್ತಾ ಇದೆ, ಹಬೆಗೆ ಹಿಡಿ. ಬೇಗ ಬಿಟ್ಕೊಳ್ಳುತ್ತೆ. ಮೂವತ್ತು ವರ್ಷ ನಿನ್ ಕಾಗದ ಒಡೆದೋರಿಗೂ ನಿಂಗೂ ಏನು ವ್ಯತ್ಯಾಸ ಅಂತ ನಾನೂ ನೋಡ್ತೀನಿ” ಎಂದಳು. ನಾನು ಅದನ್ನು ಗಡಿಯಾರದ ಹಿಂದೆ ಇಟ್ಟೆ.

ಇನ್ನೊಂದು ಅನುಮಾನವನ್ನೂ ಹೇಳಿಬಿಡುತ್ತೇನೆ. ಅಚ್ಚಾದ ಕಾಗದ ನಿಮ್ಮ ಪೂರ್ವ ಭಾಗದ ಗಡಿ ದಾಟಬಾರದು ಎಂಬ ಕಾಲದಲ್ಲಿ, ಕ್ರೀಡಾಪತ್ರಿಕೆಯ ಒಂದು ತುಂಡು ಕಾಫಿಪುಡಿಯ ಪೊಟ್ಟಣದಲ್ಲಿ ಸಿಕ್ಕರೂ ಪಾರ್ಸೆಲ್ಲೇ ವಾಪಸು ಬರುತ್ತಿದ್ದ ಕಾಲದಲ್ಲಿ, ನಾನು ಕೈಯಲ್ಲಿ ಬರೆದು ಕಳಿಸಿದ್ದಕ್ಕೆ ಅರ್ಥವಿತ್ತು. ನಿಮ್ಮ ಗ್ಯೋರ್ಲಿಟ್ಸ್ ಕಡೆಗೆ ನಮ್ಮ ಟಿವಿಯೂ ಸಿಗುತ್ತಿರಲಿಲ್ಲ. ಈಗ ದೇಶವನ್ನು ಸೀಳಿದ್ದ ಗೋಡೆ ಬಿದ್ದು ಎರಡೂವರೆ ವರ್ಷ. ಪತ್ರಿಕೆ ಬಾಗಿಲಿಗೆ ಬರುತ್ತದೆ, ಟಿವಿ ತೆಗೆದುಕೊಂಡಿದ್ದೀ. ಆದರೂ ‘ಅಣ್ಣ, ನಿನ್ನ ಕೈಬರಹದ್ದೇ ಬೇಕು, ಎರಡನೇ ಲೀಗಿನ ಪಟ್ಟಿಯೂ ಬೇಕು’ ಎನ್ನುತ್ತೀ. ಯಾಕೆ? ಮುದುಕನನ್ನು ಸಮಾಧಾನಪಡಿಸುತ್ತಿದ್ದೀಯಾ?

ಇರಲಿ, ಈಗ ವರದಿ. ಪಟ್ಟಿಗಳು ಬೇರೆ ಹಾಳೆಯಲ್ಲಿವೆ, ಸ್ಕೇಲು ಇಟ್ಟು ಗೆರೆ ಹಾಕಿದ್ದೇನೆ. ನಿಮ್ಮ ಕಡೆಯ ರೋಸ್ಟಾಕ್, ಡ್ರೆಸ್ಡೆನ್ ಎರಡನ್ನೂ ಸೇರಿಸಿಕೊಂಡು ಮೊದಲ ಲೀಗಿನಲ್ಲಿ ಹದಿನೆಂಟರ ಬದಲು ಇಪ್ಪತ್ತು ತಂಡ, ಮೂವತ್ತೆಂಟು ಸುತ್ತು. ಹಾಳೆ ಸಾಲದೆ ಕೊನೆಯ ನಾಲ್ಕು ತಂಡ ಹಿಂಬದಿಗೆ ಹೋದವು. ಹೇಗಿದ್ದರೂ ಆ ನಾಲ್ಕೂ ಕೆಳಗಿನ ಲೀಗಿಗೆ ಇಳಿದವು, ಹಿಂಬದಿಯೇ ಅವಕ್ಕೆ ಸರಿ. ಎರಡನೇ ಲೀಗನ್ನು ಉತ್ತರ, ದಕ್ಷಿಣ ಎಂದು ಸೀಳಿದ್ದಾರೆ. ದೇಶ ಒಂದಾದ ಮರುವರ್ಷವೇ ಲೀಗನ್ನು ಎರಡು ಮಾಡುವ ಬುದ್ಧಿ ಯಾರಿಗೆ ಬಂತೋ. ಅಲ್ಲಿಂದ ಯೂರ್ಡಿಂಗೆನ್ ಮತ್ತು ಸಾರ್‌ಬ್ರುಕೆನ್ ಮೇಲೆ ಬಂದಿವೆ.

ನಮ್ಮ ಡಾರ್ಟ್‌ಮುಂಡ್‌ನವರು ಆಗಸ್ಟಿನಲ್ಲಿ ರೋಸ್ಟಾಕ್‌ಗೆ ಹೋಗಿ ಐದು ಗೋಲು ತಿಂದು ಬಂದರು. ಆಮೇಲೆ ಪಕ್ಕದ ಊರಿನ ಆ ನೀಲಿಯವರ ಹತ್ತಿರ ಇನ್ನೂ ಐದು. ಅವರ ಹೆಸರು ಈ ಮನೆಯಲ್ಲಿ ಬರೆಯುವುದಿಲ್ಲ ಎಂದು ನಿನಗೆ ಗೊತ್ತೇ ಇದೆ, ಪಟ್ಟಿಯಲ್ಲೂ ಅವರ ಸಾಲಿಗೆ ಚುಕ್ಕಿ ಇಟ್ಟಿದ್ದೇನೆ. ಸ್ವಿಟ್ಜರ್ಲೆಂಡಿನ ತಂಡ ಬಿಟ್ಟು ಬಂದ ಹೊಸ ತರಬೇತುದಾರ ಬಲು ಮೆತ್ತಗೆ ಮಾತಾಡುತ್ತಾನೆ. ಮೆತ್ತಗೆ ಮಾತಾಡುವವರನ್ನು ನಾನು ನಂಬುವುದಿಲ್ಲ, ಕ್ರಿಸ್‌ಮಸ್‌ಗೆ ಮೊದಲೇ ಗಂಟುಮೂಟೆ ಕಟ್ಟುತ್ತಾನೆ ಎಂದಿದ್ದೆ. ಚಳಿಗಾಲದ ಹೊತ್ತಿಗೆ ನಮ್ಮವರು ಸೋಲುವುದನ್ನೇ ಮರೆತುಬಿಟ್ಟರು. ಅಲ್ಲಿ ನಾನು ತಪ್ಪಿದೆ, ಒಪ್ಪುತ್ತೇನೆ.

ನಾನು ಎಂದಿನಂತೆ ದಕ್ಷಿಣ ಗ್ಯಾಲರಿಯಲ್ಲಿ ನಿಂತೇ ನೋಡಿದೆ. 1976ರಿಂದ ಪ್ರತಿ ವರ್ಷ ಎರಡು ಸೀಸನ್ ಟಿಕೆಟ್ ತೆಗೆಯುತ್ತಿದ್ದೇನಲ್ಲ, ನನ್ನದೊಂದು, ನಿನ್ನ ಹೆಸರಿನದೊಂದು. ನನ್ನ ಎಡಗಡೆಯ ಜಾಗದಲ್ಲಿ ಹದಿನಾರು ವರ್ಷದಿಂದ ನನ್ನ ಕೋಟು ನಿಂತಿದೆ. ಹೊಸಬರು ಯಾರಾದರೂ ನುಗ್ಗಿದರೆ ಹಿಂದಿನವರೇ ‘ಅದು ರೂಡಿ ಜಾಗ ಕಣಯ್ಯಾ’ ಎಂದು ಸರಿಸುತ್ತಾರೆ. ಅವರಲ್ಲಿ ಒಬ್ಬರೂ ನಿನ್ನನ್ನು ನೋಡಿದವರಲ್ಲ.

ನಿನ್ನೆಯ ಕಥೆ ನಿನಗೂ ಗೊತ್ತಿದೆ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಕೊನೆಯ ಶನಿವಾರ ಫ್ರಾಂಕ್‌ಫರ್ಟ್, ಸ್ಟುಟ್‌ಗಾರ್ಟ್, ನಾವು, ಮೂವರಿಗೂ ಒಂದೇ ಅಂಕ. ಮೂವರೂ ಬೇರೆ ಬೇರೆ ಊರಿನಲ್ಲಿ ಒಂದೇ ಹೊತ್ತಿಗೆ ಆಟ, ನಮ್ಮದು ಡುಯಿಸ್‌ಬರ್ಗ್‌ನಲ್ಲಿ. ನಾನು ಡುಯಿಸ್‌ಬರ್ಗ್‌ಗೆ ಹೋಗಲಿಲ್ಲ, ಎದೆ ತಡೆಯುವುದಿಲ್ಲ ಎಂದು ಎಲ್ಫ್ರೀಡೆ ಬೂಟು ಬಚ್ಚಿಟ್ಟಿದ್ದಳು. ಪಕ್ಕದ ಕೈತೋಟದ ಯುಪ್ ಮಾಟುಶೆಕ್‌ನ ಗುಡಿಸಲ ಮುಂದೆ ರೇಡಿಯೊ ಇಟ್ಟುಕೊಂಡು ಕೂತೆವು. ಒಂಬತ್ತನೇ ನಿಮಿಷಕ್ಕೇ ನಮ್ಮವರು ಗೋಲು ಹೊಡೆದರು. ಆಮೇಲೆ ಒಂದೊಂದು ಸಲ ರೇಡಿಯೊದಲ್ಲಿ ಯಾರೋ ‘ಗೋಲ್’ ಎಂದು ಕೂಗಿದಾಗಲೂ ಅದು ಯಾವ ಊರಿನಿಂದ ಎಂದು ತಿಳಿಯುವವರೆಗೆ ಯುಪ್ ನನ್ನ ತೋಳು ಹಿಡಿದುಕೊಳ್ಳುತ್ತಿದ್ದ. ಇವತ್ತು ನೋಡಿದರೆ ಅಲ್ಲಿ ಕಪ್ಪಗೆ ಕಂದಿದೆ.

ಉಳಿದಿಬ್ಬರ ಆಟ ಸಮಬಲದಲ್ಲಿತ್ತು, ಎಂಬತ್ತೈದನೇ ನಿಮಿಷದಲ್ಲಿ ನಾವು ಚಾಂಪಿಯನ್ನರು, ರೂಡಿ. ಇಪ್ಪತ್ತೊಂಬತ್ತು ವರ್ಷದ ಮೇಲೆ. ಯುಪ್ ಬಿಯರ್ ಬಾಟಲಿ ತೆಗೆಯಲು ಹೋದ. ನಾನು ಬೇಡ ಎಂದೆ, ಯಾಕೆಂದರೆ ಸ್ಟುಟ್‌ಗಾರ್ಟ್‌ನವರು ಒಬ್ಬ ಆಟಗಾರನನ್ನು ಕಳೆದುಕೊಂಡು ಹತ್ತೇ ಜನ ಆಡುತ್ತಿದ್ದರು, ಅಂಥವರ ಮೇಲೆ ನನಗೆ ಅನುಮಾನ ಜಾಸ್ತಿ.

“ನಿನ್ ಬಾಯಲ್ಲಿ ಒಳ್ಳೇದು ಬರಲ್ವೇನೋ?” ಎಂದ ಯುಪ್.

“ಸುಮ್ನಿರು, ಕೂಗ್ತಾ ಇದಾರೆ.”

ಅದು ಸ್ಟುಟ್‌ಗಾರ್ಟ್‌ನ ಗೋಲು, ತಲೆಯಿಂದ ಗುದ್ದಿದ್ದು, ಎಂಬತ್ತಾರನೇ ನಿಮಿಷ. ನಮ್ಮವರೂ ಗೆದ್ದರು, ಅವರೂ ಗೆದ್ದರು, ಗೋಲುಗಳ ಲೆಕ್ಕದಲ್ಲಿ ಕಪ್ ಅವರಿಗೆ ಹೋಯಿತು. ಅತ್ತ ನಿಮ್ಮ ರೋಸ್ಟಾಕ್‌ನವರು ಕೊನೆಯ ಗಳಿಗೆಯಲ್ಲಿ ಫ್ರಾಂಕ್‌ಫರ್ಟನ್ನು ಸೋಲಿಸಿ ಅವರ ಮನೆ ಹಾಳು ಮಾಡಿದರು, ತಮ್ಮ ಮನೆಯನ್ನೂ ಉಳಿಸಿಕೊಳ್ಳಲಿಲ್ಲ, ಕೆಳಗಿಳಿದರು. ಡ್ರೆಸ್ಡೆನ್ ಉಳಿಯಿತು, ಅಷ್ಟಾದರೂ ನಿನಗೆ ಸಂತೋಷವಿರಲಿ. ಯುಪ್ ಬಾಟಲಿ ತೆರೆದೇಬಿಟ್ಟ. ಇಬ್ಬರೂ ಕುಡಿದೆವು.

ಆಟದ ಮಾತು ಮುಗಿಯಿತು. ಈಗ ಲಕೋಟೆಯ ಮಾತು. ಒಡೆಯುವ ಮೊದಲೇ ಅದರಲ್ಲಿ ಏನಿದೆ ಎಂದು ನಾನು ಹೇಳಬಲ್ಲೆ. ಈ ಸಲ ಊಹೆ ಹೇಳುವವನು ನಾನು.

1976ರ ಈಸ್ಟರಿನಲ್ಲಿ ಪ್ರಾಗ್‌ನ ಆ ನದೀ ದಂಡೆಯ ಬೆಂಚಿನ ಮೇಲೆ ಮೂವರೇ ಇದ್ದೆವು: ನೀನು, ನಾನು, ರೆನಾಟೆ. ಆಗಸ್ಟಿನಲ್ಲಿ ಹಂಗೇರಿಗೆ ರಜೆಗೆ ಹೋಗುವ ನೆಪದಲ್ಲಿ ನೀವಿಬ್ಬರೂ ಗಡಿ ದಾಟಿ ಈ ಕಡೆ ಬಂದುಬಿಡುತ್ತೀರೆಂದು ನೀನು ಹೇಳಿದೆ. ಅವಳು ಕೈಚೀಲದ ಕೊಂಡಿಯನ್ನು ತೆಗೆಯುತ್ತಾ ಹಾಕುತ್ತಾ ಕೂತಿದ್ದಳು. ನಾನು ಆ ಮಾತನ್ನು ಎಲ್ಫ್ರೀಡೆಗೂ ಹೇಳಲಿಲ್ಲ. ಆಗಸ್ಟಿನಲ್ಲಿ ನಿನ್ನನ್ನು ಗಡಿಯ ಹತ್ತಿರ ರೈಲಿನಿಂದ ಇಳಿಸಿದರು. ಅವರಿಗೆ ಮೊದಲೇ ಗೊತ್ತಿತ್ತು. ನಿನಗೆ ಇಪ್ಪತ್ತೆರಡು ತಿಂಗಳು ಜೈಲು. ಅವಳನ್ನು ಮೂರೇ ದಿನಕ್ಕೆ ಮನೆಗೆ ಬಿಟ್ಟರು. ಮೂವರಿಗೆ ಗೊತ್ತಿದ್ದ ಗುಟ್ಟು ಹೊರಗೆ ಹೋಗಬೇಕಾದರೆ ಮೂವರಲ್ಲಿ ಒಬ್ಬರ ಬಾಯಿಂದಲೇ ಹೋಗಬೇಕು. ನೀನಲ್ಲ, ನಾನಲ್ಲ. ಮಗ್ಗಿ ಬಲ್ಲವನಿಗೆ ಉಳಿದದ್ದು ತಿಳಿಯುತ್ತದೆ. ಶಾಲೆಯ ಕೆಲಸದಿಂದ ತೆಗೆದು ಅವಳನ್ನು ಲಾಂಡ್ರಿಗೆ ಹಾಕಿದರು ಎಂದು ನೀನು ಬರೆದಾಗಲೂ ನಾನು ನಂಬಲಿಲ್ಲ. ಕಣ್ಣಿಗೆ ಮಣ್ಣೆರಚುವ ಆಟ ಎಂದುಕೊಂಡೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು. ಆದರೆ ಗೋಡೆ ಬಿದ್ದ ನವೆಂಬರಿನಲ್ಲಿ ನೀವಿಬ್ಬರೂ ಮೊದಲ ಸಲ ಇಲ್ಲಿಗೆ ಬಂದಿರಲ್ಲ, ಆ ದಿನದ ಊಟದ ಮಾತು ನೆನಪಿದೆಯೇ? ಮೇಲಿನ ಲೀಗಿಗೆ ವಾಪಸು ಬಂದ ಮೊದಲ ವರ್ಷ ನಾವು ಏಳನೇ ಸ್ಥಾನದಲ್ಲಿದ್ದೆವು ಎಂದು ನಾನು ಹೇಳಿದೆ. ಅವಳು ಬಟ್ಟಲಿನಿಂದ ತಲೆ ಎತ್ತದೆ ಮೆಲ್ಲಗೆ ಅಂದಳು:

“ಎಂಟನೇ ಸ್ಥಾನ. ಮೂರನೇದು ಬ್ರೌನ್‌ಶ್ವೈಗ್. ಕೊನೇದು ಎಸೆನ್.”

ನಾನು ಚಮಚ ಕೆಳಗಿಟ್ಟೆ. ಜೀವಮಾನದಲ್ಲಿ ಒಂದು ಆಟ ನೋಡದ ಹೆಂಗಸು. ಚೆಂಡು ಉರುಟಾಗಿದೆ ಎನ್ನುವುದು ಬಿಟ್ಟು ಇನ್ನೇನೂ ಗೊತ್ತಿಲ್ಲ ಎಂದು ನೀನೇ ಗೇಲಿ ಮಾಡುತ್ತಿದ್ದೆ. ನನ್ನ ಕಾಗದವನ್ನು ಅಕ್ಷರ ಅಕ್ಷರ ಓದಿ ಎಲ್ಲೋ ಒಪ್ಪಿಸಿದವಳಿಗಲ್ಲದೆ ಬೇರೆ ಯಾರಿಗೆ ಹನ್ನೆರಡು ವರ್ಷದ ಹಿಂದಿನ ಪಟ್ಟಿ ನೆನಪಿರುತ್ತದೆ? ಅದಕ್ಕೂ ಮೊದಲು, ರೈಲ್ವೆ ನಿಲ್ದಾಣದಲ್ಲಿ ಅವಳು ನನ್ನತ್ತ ಕೈ ಚಾಚಿದ್ದಳು. ನಾನು ಆ ಕೈ ಹಿಡಿಯದೆ ಅವಳ ಕಾಲ ಬಳಿ ಇದ್ದ ಪೆಟ್ಟಿಗೆ ಎತ್ತಿಕೊಂಡೆ. ಬೇಕೆಂದೇ ಹಾಗೆ ಮಾಡಿದೆ. ಊಟವಾದ ಮೇಲೆ ನಾನು ಮಾಡಿದ್ದು ಸರಿ ಎಂದು ನನಗೆ ಇನ್ನೂ ಗಟ್ಟಿಯಾಯಿತು.

ಹೋದ ಅಕ್ಟೋಬರಿನಲ್ಲಿ ಅವಳ ಮಣ್ಣಿಗೆ ನಾನು ಬರಲಿಲ್ಲ. ಅದು ಶುಕ್ರವಾರ, ಮರುದಿನ ಆಟವಿತ್ತು ಎಂದು ಬರೆದೆ. ಎಲ್ಫ್ರೀಡೆ ಒಬ್ಬಳೇ ಹೂಚಕ್ರ ತೆಗೆದುಕೊಂಡು ಬಂದಳು. ವಾಪಸು ಬಂದು ಕೋಟು ಕಳಚುವ ಮೊದಲೇ ಅಂದಳು: “ನಿಂಗೆ ಅನುಮಾನ ಇಲ್ದಿದ್ರೆ ಅನ್ನ ಅರಗಲ್ಲ ಎವಾಲ್ಟ್. ಅದು ಒಂದಿನ ನಿನ್ನೇ ಅರಗಿಸ್ಕೊಳ್ಳುತ್ತೆ.”

ಆದ್ದರಿಂದ ರೂಡಿ, ನೀನು ಕಡತದಲ್ಲಿ ಅವಳ ಹೆಸರು ಕಂಡಿದ್ದೀ. ಹೇಳಲು ನಾಚಿಕೆಯಾಗಿ ಲಕೋಟೆಯಲ್ಲಿ ಅಡಗಿಸಿದ್ದೀ. ನಾಚಿಕೆ ಬೇಡ. ಮೂವತ್ತನಾಲ್ಕು ವರ್ಷದ ಹಿಂದೆ ಅವಳ ಹಿಂದೆ ಆ ಕಡೆ ಹೋಗುತ್ತೇನೆ ಎಂದಾಗಲೇ ನಿನ್ನನ್ನು ತಡೆಯದವನು ನಾನು, ದೊಡ್ಡವನು ನಾನು, ಆ ತಪ್ಪು ನನ್ನದು. ನಿನ್ನ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಒಡೆದು ನೋಡಿದ ಮೇಲೆ ಈ ವಿಷಯ ಮುಗಿಯಿತು, ಇನ್ನು ನಮ್ಮಿಬ್ಬರ ನಡುವೆ ಅವಳ ಹೆಸರು ಬೇಡ.

ನಿನ್ನ ಮಂಡಿಗೆ ಬಿಸಿಲು ಬೀಳಲಿ, ನಿನ್ನ ಕಿಟಕಿಗೆ ಒಳ್ಳೆಯ ನೆರೆಯವರಿರಲಿ. ಬರುವ ಋತುವಿನಲ್ಲಿ ಕೊನೆಯ ಆ ನಾಲ್ಕು ನಿಮಿಷ ನಮ್ಮ ಪಾಲಿಗಿರಲಿ, ಅದನ್ನು ನೀನು ನನ್ನ ಎಡಗಡೆ ನಿಂತು ನೋಡುವಂತಾಗಲಿ. ಅಣ್ಣನ ಆಶೀರ್ವಾದ ಯಾವತ್ತಿನಂತೆ ನಿನ್ನ ತಲೆಯ ಮೇಲಿದೆ.

ನಿನ್ನ ಅಣ್ಣ,
ಎವಾಲ್ಟ್

ತಾ.ಕ. (ಭಾನುವಾರ, 21 ಜೂನ್)

ಮೇಲಿನ ಕಾಗದ ಐದು ವಾರ ಮೇಜಿನ ಮೇಲೆ ಬಿದ್ದಿತ್ತು. ಹರಿದುಹಾಕಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ. ಎಲ್ಫ್ರೀಡೆ ಬೇಡ ಎಂದಳು. “ಬರೆದಿದ್ದೀಯ, ಕಳಿಸು. ನೀನು ಎಂಥೋನು ಅಂತ ನಿನ್ ತಮ್ಮಂಗೆ ಮೊದ್ಲೇ ಗೊತ್ತು” ಎಂದಳು. ಆದ್ದರಿಂದ ಒಂದಕ್ಷರ ತಿದ್ದದೆ ಕಳಿಸುತ್ತಿದ್ದೇನೆ.

ಆ ಭಾನುವಾರ ಸಹಿ ಹಾಕಿ ಲಕೋಟೆ ಒಡೆದೆ. ಮೊದಲು ಬಂದದ್ದು ಕಡತದ ಒಂದು ಹಾಳೆಯ ಪ್ರತಿ. ಯಾರೋ ಹೊರಗಿನವರ ಬರಹವಿರುತ್ತದೆ ಎಂದು ಕನ್ನಡಕ ಹಾಕಿಕೊಂಡೆ. ಅಕ್ಷರ ನನ್ನದು. 1976ರ ಜೂನ್ ತಿಂಗಳ ನನ್ನ ವರದಿ, ನಾವು ಮೇಲಿನ ಲೀಗಿಗೆ ವಾಪಸು ಬಂದ ಮರುದಿನ ಕುಣಿದಾಡುತ್ತಾ ಬರೆದದ್ದು. ಕೊನೆಯ ಎರಡು ಸಾಲಿನ ಕೆಳಗೆ ಗೆರೆ ಎಳೆದಿದ್ದಾರೆ: ‘ಬರುವ ಋತುವಿಗೆ ದಕ್ಷಿಣ ಗ್ಯಾಲರಿಗೆ ಎರಡು ಸೀಸನ್ ಟಿಕೆಟ್ ತೆಗೆದಿದ್ದೇನೆ. ಒಂದು ನಿನ್ನ ಹೆಸರಿಗೆ.’ ಅಂಚಿನಲ್ಲಿ ಯಾರದೋ ಕೈಬರಹ: ‘ಈ ಮನುಷ್ಯ ಇಲ್ಲಿದ್ದಾನೆ. ಟಿಕೆಟ್ ಅಲ್ಲಿ ಯಾಕೆ?’

ಪ್ರಾಗ್‌ನ ಮಾತನ್ನು ನಾನು ಯಾರಿಗೂ ಹೇಳಲಿಲ್ಲ ಎಂದು ಹದಿನಾರು ವರ್ಷ ಎದೆ ತಟ್ಟಿಕೊಂಡೆ. ಬಾಯಿ ಕಟ್ಟಿದ್ದೆ, ಕೈ ಕಟ್ಟಲಿಲ್ಲ. ಕಾಗದ ಒಡೆದು ಓದುತ್ತಾರೆ ಎಂದು ಊರಿಗೆಲ್ಲ ಹೇಳುತ್ತಿದ್ದವನು ನಾನೇ.

ಅದರ ಜೊತೆಗಿದ್ದ ನಿನ್ನ ಚೀಟಿಯನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಜೈಲಿನ ಮೂರನೇ ದಿನವೇ ಆ ಹಾಳೆಯನ್ನು ನಿನ್ನ ಮುಂದೆ ಇಟ್ಟರು ಎಂದು ಬರೆದಿದ್ದೀ. ‘ನನ್ನ ಅಣ್ಣ ಫುಟ್‌ಬಾಲ್ ಹುಚ್ಚ, ಆಸೆಗೆ ಟಿಕೆಟ್ ತೆಗೆಯುತ್ತಾನೆ’ ಎಂದು ನೀನು ಹೇಳಿದೆ, ನಂಬಲಿಲ್ಲ. ರೆನಾಟೆಗೆ ಏನೂ ಗೊತ್ತಿರಲಿಲ್ಲ ಎಂದು ಎಲ್ಲವನ್ನೂ ನಿನ್ನ ಮೇಲೆ ಹಾಕಿಕೊಂಡೆ, ಅದಕ್ಕೇ ಅವಳನ್ನು ಬಿಟ್ಟರು. ತಿಂಗಳಿಗೊಮ್ಮೆ ಅರ್ಧ ಗಂಟೆಯ ಭೇಟಿಗೆ ಕಾಗದ ಒಯ್ಯುವಂತಿರಲಿಲ್ಲ. ಅವಳು ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಾ ನನ್ನ ವರದಿಯನ್ನು ಬಾಯಿಪಾಠ ಮಾಡಿ, ಬಂದು, ನಿನ್ನ ಎದುರು ಕೂತು ಒಪ್ಪಿಸುತ್ತಿದ್ದಳು. ಹದಿನೆಂಟು ತಂಡ, ಆಮೇಲೆ ಎರಡನೇ ಲೀಗಿನದು. ಆ ಜೈಲಿನಲ್ಲಿ ನನ್ನ ಪಟ್ಟಿ ನಿನ್ನನ್ನು ಉಳಿಸಿತು ಎಂದು ನೀನು ಬರೆದಿದ್ದೀ. ಅವಳು ಉಳಿಸಿದಳು ಎಂದು ನಾನು ಓದಿಕೊಂಡೆ.

ಅವಳು ಬದುಕಿರುವವರೆಗೆ ನನಗೆ ಹೇಳಬಾರದೆಂದು ನಿನ್ನಿಂದ ಮಾತು ತೆಗೆದುಕೊಂಡಳಂತೆ. ಅವಳ ಮಾತನ್ನು ನೀನು ಬರೆದ ಹಾಗೇ ಇಲ್ಲಿ ಇಳಿಸುತ್ತೇನೆ, ನನ್ನ ಕೈಯಲ್ಲಿ ಒಮ್ಮೆಯಾದರೂ ಅದು ಬರಲಿ:

“ನನ್ ಮೇಲೇ ಅನುಮಾನ ಪಡ್ಲಿ ಬಿಡಿ, ನಾನೇನು ಅವ್ರ ಒಡಹುಟ್ಟಿದೋಳಲ್ಲ, ತಡ್ಕೋತೀನಿ. ತನ್ನಿಂದ್ಲೇ ಆಯ್ತು ಅಂತ ಗೊತ್ತಾದ್ರೆ ಅವ್ರು ಪೆನ್ನು ಕೆಳಗಿಡ್ತಾರೆ. ಆಮೇಲೆ ನಿಮಗೆ ಕಾಗದ ಬರೆಯೋರು ಯಾರು?”

ನಿನ್ನ ಊಹೆಯ ಪಟ್ಟಿ ಚೀಟಿಯ ಹಿಂಬದಿಯಲ್ಲಿತ್ತು. ನಿಯಮ ನಿಯಮವೇ, ಹೇಳುತ್ತೇನೆ. ಇಪ್ಪತ್ತರಲ್ಲಿ ಆರು ಸರಿ. ನಮ್ಮವರನ್ನು ಒಂದನೇ ಸ್ಥಾನಕ್ಕೆ ಹಾಕಿದ್ದೀ, ನಾಲ್ಕು ನಿಮಿಷದಿಂದ ತಪ್ಪಿತು. ನನ್ನ ಊಹೆ ಒಂದೇ ಒಂದಿತ್ತು. ಅದು ಹದಿನಾರು ವರ್ಷದಿಂದ ತಪ್ಪು.

ಮುಂದಿನ ಶನಿವಾರದ ರೈಲಿಗೆ ಬರುತ್ತಿದ್ದೇನೆ, ಒಬ್ಬನೇ. ಈ ವರ್ಷದ ಪಟ್ಟಿಯನ್ನು ಬಾಯಿಪಾಠ ಮಾಡುತ್ತಿದ್ದೇನೆ, ಅವಳ ಗೋರಿಯ ಮುಂದೆ ಕಾಗದ ನೋಡದೆ ಒಪ್ಪಿಸಬೇಕು. ಅರವತ್ತನಾಲ್ಕು ವರ್ಷದ ತಲೆ, ಹನ್ನೊಂದನೇ ತಂಡದ ಹತ್ತಿರ ದಿನವೂ ತಪ್ಪುತ್ತೇನೆ. ಆ ನೀಲಿಯವರ ಹೆಸರೂ ಹೇಳುತ್ತೇನೆ, ಅವಳು ಬಿಟ್ಟಿರಲಾರಳು.

ನಿಲ್ದಾಣಕ್ಕೆ ನೀನು ಬರಬೇಕಾಗಿಲ್ಲ, ಮಂಡಿ ನೋಯುತ್ತದೆ. ಬಂದೇ ಬಂದರೆ ನನ್ನತ್ತ ಕೈ ಚಾಚಬೇಡ. ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ.

ಎ.